ನೀರುಗಂಟಿ ಮಾವ ವಾರ್ಡಿಗೆ ಬಂದದ್ದು

ನಮ್ಮ ಸೋದರಮಾವ ಹುಟ್ಟಿದಾಗ ಅತ್ತಿದ್ದರೂ ಕಣ್ಣೀರು ಮಾತ್ರ ಹಾಕಿರಲಾರರು. ಒಂದು ಹನಿ ನೀರು ಸುಮ್ಮನೆ ಹರಿದುಹೋಗುವುದನ್ನು ಸಹಿಸುವ ಜೀವ ಅದಲ್ಲ!

ಮಾವ ಸಾಲಿಗ್ರಾಮದ ಕಡೆಯ ಒಂದು ಹಳ್ಳಿಯ ನೀರುಗಂಟಿ. ನಾಲೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವರ ಕೆಲಸ. ಕೆಲಸ ಗದ್ದೆ ಬಯಲಿನಲ್ಲಿ ಮುಗಿದರೆ ಚಿಂತೆಯಿರಲಿಲ್ಲ. ನೆಂಟರ ಮನೆಗೆ ಹೋದರೆ ಮೊದಲು ಹಿತ್ತಲಿಗೆ ಹೋಗಿ ತೊಟ್ಟಿಕ್ಕುವ ನಲ್ಲಿ ಬಿಗಿ ಮಾಡಿ, ಆಮೇಲೆ ಒಳಗೆ ಬಂದು ಚೆನ್ನಾಗಿದ್ದೀರಾ ಎಂದು ಕೇಳುವವರು. ನನ್ನ ಮದುವೆಯ ಊಟದಲ್ಲಿ ನೀರಿನ ಜಗ್ಗನ್ನು ಅವರ ಕೈಗೆ ಕೊಟ್ಟ ಪುಣ್ಯಾತ್ಮರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಪಾಯಸ ಎರಡು ಸುತ್ತು ಬಂತು, ನೀರು ಅರ್ಧ ಲೋಟಕ್ಕೇ ನಿಂತಿತು. ನಮ್ಮ ಬೀಗರು ಬಿಕ್ಕಳಿಸುತ್ತಲೇ ಎಲೆ ಬಿಟ್ಟು ಎದ್ದರು.

ಇನ್ನು ನಾನು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯವಳು. ಸೊಪ್ಪು ಕಟ್ಟಿದ ಅಂಟು ಕೈಯಲ್ಲೇ ಹಾಳೆ ತಿರುಗಿಸಿ ಓದಿದ್ದರಿಂದ ನನ್ನ ಹಳೆಯ ಪುಸ್ತಕಗಳ ಅಂಚು ಇವತ್ತಿಗೂ ಕಪ್ಪಗಿದೆ. ಬಿಎಸ್ಸಿ ನರ್ಸಿಂಗ್ ಮಾಡಿದೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಸೇರಿ ಮೊದಲ ಡಿಗ್ರಿ ನನ್ನದು. ಇದನ್ನು ಸಂದರ್ಭ ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಈಗ ಬಂದಿತ್ತೋ ಇಲ್ಲವೋ, ಹೇಳಿಯಾಯಿತು.

ಹೋದ ವರ್ಷ ಅತ್ತೆ, ಅಂದರೆ ಈ ಮಾವನ ಹೆಂಡತಿ, ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹುಣಸೂರಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆತಂದರು. ಆಪರೇಷನ್ ಆಯಿತು. ಎದ್ದು ಓಡಾಡುವಂತಿಲ್ಲವಲ್ಲ, ಮೂತ್ರಕ್ಕೆ ಕ್ಯಾತಿಟರ್ ಹಾಕಿ, ನಳಿಕೆಯ ತುದಿಯ ಚೀಲವನ್ನು ಮಂಚದ ಪಕ್ಕದಲ್ಲಿ ತಗ್ಗಿಗೆ ನೇತುಹಾಕಿದೆವು. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಇಂಥವರಿಗೆ ಆ ನಳಿಕೆಯ ದಾರಿಯಲ್ಲಿ ಸೋಂಕು ಹತ್ತಿದರೆ ಮುರಿದ ಮೂಳೆ ಕೂಡಿಕೊಂಡರೂ ಪ್ರಾಣಕ್ಕೇ ಸಂಚಕಾರ. ನನಗಿದ್ದ ಭಯ ಅದೊಂದೇ.

ಮಾವನಿಗೆ ಇದ್ದ ಭಯವೇ ಬೇರೆ. ಮಾರನೆಯ ದಿನ ಅತ್ತೆಯ ತವರಿನವರು ಅಂತರಸಂತೆಯಿಂದ ನೋಡಲು ಬರುವವರಿದ್ದರು. ಹೆಣ್ಣು ಕೊಟ್ಟವರ ಎದುರಿಗೆ ಹೆಂಡತಿಯ ಉಚ್ಚೆ ಚೀಲ ಎಲ್ಲರಿಗೂ ಕಾಣುವಂತೆ ತೂಗಾಡುತ್ತಿದ್ದರೆ ಮಾನ ಉಳಿಯುತ್ತದೆಯೇ? ನಾನು ಇನ್ನೊಂದು ವಾರ್ಡಿನಲ್ಲಿದ್ದಾಗ ಮಾವ ಆ ಚೀಲವನ್ನು ಮಂಚದಿಂದ ಬಿಚ್ಚಿ, ಮನೆಯಿಂದ ತಂದಿದ್ದ ಬಟ್ಟೆಯ ಕೈಚೀಲದೊಳಗಿಟ್ಟು, ಅತ್ತೆಯ ಹೊಟ್ಟೆಯ ಮೇಲೆ ಮಲಗಿಸಿ, ಅರ್ಧ ಕಂಬಳಿ ಹೊದಿಸಿದ್ದಾರೆ. ನೆಂಟರು ಬಂದರು. ಕಣ್ಣೊರೆಸಿಕೊಂಡರು. ಅತ್ತೆಯ ಅಣ್ಣ, ಪಾಪ, ತಂಗಿಯ ಹೊಟ್ಟೆಯ ಮೇಲೆ ಕೈಚೀಲ ಬಾಯ್ತೆರೆದುಕೊಂಡಿರುವುದನ್ನು ಕಂಡು, ತಾವು ತಂದ ಬ್ರೆಡ್ಡು, ಬಿಸ್ಕತ್ತು, ನಾಲ್ಕು ಮೂಸಂಬಿಯನ್ನು ಭಕ್ತಿಯಿಂದ ಅದರೊಳಗೇ ಇಳಿಸಿದರು. ಮಾವ ತುಟಿ ಪಿಟಕ್ ಅನ್ನಲಿಲ್ಲ. ಹೇಗೆ ತಾನೇ ಹೇಳುವುದು?

ಅವತ್ತು ಸಂಜೆ ನೆಂಟರು ಆಚೆ ಹೋಗುತ್ತಿದ್ದಂತೆಯೇ ಅತ್ತೆಗೆ ಚಳಿ ಜ್ವರ ಬಂತು. ಕಂಬಳಿ ಸರಿಸಿದರೆ ಚೀಲದ ಮೇಲೆ ಮೂಸಂಬಿ! ಮೂತ್ರ ಪರೀಕ್ಷೆಗೆ ಕಳಿಸಿ, ಚೀಲವನ್ನು ತಗ್ಗಿಗೆ ಹಾಕಿ, ಮಾವನನ್ನು ಕಾರಿಡಾರಿಗೆ ಕರೆದುಕೊಂಡು ಹೋದೆ. ಓದಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿ ನೋಡಿದೆ. ರೋಗಾಣು ಅಂದೆ, ಮೂತ್ರಕೋಶ ಅಂದೆ. ಅವರು ಗೋಡೆ ನೋಡುತ್ತಿದ್ದರು. ಕೊನೆಗೆ ರೇಗಿಹೋಯಿತು.

"ಮಾವ, ಕೆಳಗದ್ದೆ ಬಗ್ಗಡಾನ ಮೇಲ್ಗದ್ದೆಗೆ ಹತ್ತಿಸಿದ್ದೀರಿ. ಚೀಲದಲ್ಲಿರೋ ಗಲೀಜು ವಾಪಸ್ ಅತ್ತೆ ಹೊಟ್ಟೆಗೇ ಹೋಗಿದೆ. ಈಗ ಗೊತ್ತಾಯ್ತಾ?"

ಮಾವ ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ, "ಎಷ್ಟೊತ್ತು ಹತ್ತಿರಬೋದು?" ಎಂದರು.

"ನೆಂಟರಿದ್ದಷ್ಟು ಹೊತ್ತು. ಎರಡು ಗಂಟೆ."

ಅವರು ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಮೂವತ್ತು ವರ್ಷದ ನೀರುಗಂಟಿ ನೀರನ್ನು ಹಿಮ್ಮುಖವಾಗಿ ಹರಿಸಿದ್ದ!

ಮಾರನೆಯ ಬೆಳಿಗ್ಗೆ ವಾರ್ಡಿಗೆ ಬಂದದ್ದು ನನ್ನ ಮಾವನಲ್ಲ, ಇನ್ಸ್‌ಪೆಕ್ಟರು. ನಳಿಕೆಯನ್ನು ಮಂಚದಿಂದ ಚೀಲದವರೆಗೆ ಗೇಣಿನಲ್ಲಿ ಅಳೆದರು. ಎಲ್ಲೂ ಮಡಿಕೆ ಬೀಳಬಾರದು, ಅತ್ತೆಯ ತೊಡೆಯ ಕೆಳಗೆ ಸಿಕ್ಕಬಾರದು, ಚೀಲ ನೆಲಕ್ಕೆ ತಾಗಬಾರದು. ಇದಿಷ್ಟೂ ನಮ್ಮ ನಿಯಮಗಳೇ, ಆದರೆ ಅವರ ಬಾಯಲ್ಲಿ ಅವರದೇ ಕಾನೂನಿನ ಹಾಗೆ ಕೇಳುತ್ತಿದ್ದವು. ಅತ್ತೆ ಮಲಗಿದಲ್ಲಿಂದಲೇ ನನಗೆ ದೂರು ಹೇಳಿದರು: "ಮದ್ವೆ ಆದಾಗ್ನಿಂದ ಒಂದಿನ ನಂಗೊಂದು ಲೋಟ ನೀರು ಕೊಟ್ಟೋರಲ್ಲ ಕಣವ್ವ. ಈಗ ನೋಡು, ನನ್ನ ಉಚ್ಚೆಗೆ ಕಾವಲು ಕೂತವ್ರೆ."

ನಂತರ ಮಾವನ ಕಣ್ಣು ವಾರ್ಡಿನ ಮೂಲೆಯ ಕೈ ತೊಳೆಯುವ ಸಿಂಕಿನ ಮೇಲೆ ಬಿತ್ತು. ನಳಿಕೆ ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಕೈ ತೊಳೆಯಬೇಕು ಎಂದು ಹೇಳಿಕೊಟ್ಟವಳು ನಾನೇ, ಅನುಭವಿಸಬೇಕಾದವಳೂ ನಾನೇ. ಅತ್ತೆಯದು ಮೂರನೇ ನಂಬರಿನ ಮಂಚ. ಅದರ ಹತ್ತಿರ ಸುಳಿಯುವವರೆಲ್ಲ ಮೊದಲು ಸಿಂಕಿನ ಮುಂದೆ ನಿಲ್ಲಬೇಕು. ಹಾಗಂತ ನಲ್ಲಿಯನ್ನು ನಾವು ಮುಟ್ಟುವಂತಿಲ್ಲ! ಕೈ ನೆನೆಯುವಷ್ಟು ಅವರೇ ನೀರು ಬಿಡುವುದು, ನಿಲ್ಲಿಸುವುದು. ಸೋಪು ಹಚ್ಚಿ ಬೆರಳ ಸಂದಿಯನ್ನೆಲ್ಲ ಉಜ್ಜಿ ಮುಗಿಯುವವರೆಗೆ ಕಾಯುವುದು, ಮತ್ತೆ ಬಿಡುವುದು. ರೌಂಡ್ಸಿಗೆ ಬಂದ ಡಾಕ್ಟರು ಸೀದಾ ಮಂಚದ ಕಡೆ ಹೊರಟರೆ, "ನಿಮ್ ಸರದಿ ಬಂತು, ಬನ್ನಿ ಸಾರ್" ಎಂದು ಸಿಂಕಿಗೆ ಕರೆದರು. ಡಾಕ್ಟರು ನಗುತ್ತಾ ಕೈ ಒಡ್ಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದು ಬಾಯಿ ಬಿಡಬೇಕಾದದ್ದು ನಿಜವಾಗಿ ಅವತ್ತು ಮಧ್ಯಾಹ್ನ. ಕೆಲಸ ಜಾಸ್ತಿಯಿತ್ತು. ಎರಡನೇ ಮಂಚದವರ ಚೀಲ ಖಾಲಿ ಮಾಡಿದ ಗ್ಲೌಸಿನಲ್ಲೇ, ಅದೇ ಜಗ್ಗು ಹಿಡಿದು ಅತ್ತೆಯ ಚೀಲದ ಕಡೆ ಹೊರಟಿದ್ದೆ. ಮಾವನ ತೋಳು ನನ್ನ ಮುಂದೆ ತೂಬಿನ ಹಲಗೆಯ ಹಾಗೆ ಇಳಿಯಿತು.

"ರೋಗ ಬಿದ್ದಿರೋ ಗದ್ದೆ ಕೆಸ್ರು ತುಳಿದ ಕಾಲಲ್ಲಿ ಪಕ್ಕದ ಗದ್ದೆಗೆ ಇಳೀತಾರಾ ಅಮ್ಮಣ್ಣಿ? ಡಿಗ್ರೀಲಿ ಇಂಗೇ ಯೋಳ್ಕೊಟ್ರಾ?"

ಡಿಗ್ರಿಯಲ್ಲಿ ಹಾಗೆ ಹೇಳಿಕೊಟ್ಟಿರಲಿಲ್ಲ. ಪ್ರತಿ ರೋಗಿಗೂ ಬೇರೆ ಜಗ್ಗು, ಹೊಸ ಗ್ಲೌಸು ಎಂದೇ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಹೋಗಿ ಗ್ಲೌಸು ಬಿಸಾಡಿ, ಕೈ ತೊಳೆಯಲು ನಿಂತೆ. ನೀರು ಬಿಟ್ಟವರು ಮಾವನೇ.

ಪರೀಕ್ಷೆಯ ವರದಿ ಬಂತು. ಸೋಂಕು ಶುರುವಾಗಿತ್ತು. ಔಷಧಿ ಕೊಟ್ಟರು. ಜ್ವರ ಇಳಿಯಲು ಎರಡು ದಿನ ಹಿಡಿಯಿತು. ಆ ಎರಡು ದಿನ ಮಾವ ಸರಿಯಾಗಿ ಊಟ ಮಾಡಲಿಲ್ಲ, ತಮಾಷೆಗೂ ಸಿಗಲಿಲ್ಲ. ಬೆಳಿಗ್ಗೆ ರೌಂಡ್ಸಿನಲ್ಲಿ ಮಾತ್ರ ಒಂದೇ ಪ್ರಶ್ನೆ: "ಸಾರ್, ಈ ತೂಬು ಇವತ್ತೂ ಬೇಕಾ?" ಮೊದಲ ದಿನ ಡಾಕ್ಟರು, ನೋವಿಗೆ ಕೂರಲಾರರು, ಇರಲಿ ಎಂದರು. ಮರುದಿನವೂ ಹಾಗೇ ಅಂದರು. ಮೂರನೆಯ ದಿನ ಮಾವ ಮತ್ತೆ ಕೇಳಿದಾಗ ಡಾಕ್ಟರು ನಿಂತು ಅತ್ತೆಯನ್ನು ನೋಡಿದರು. ಅತ್ತೆ ಮಂಚದ ಅಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

"ಕೂರ್ತಾ ಇದ್ದಾರಲ್ಲ. ತೆಗೀರಿ ಸಿಸ್ಟರ್" ಎಂದರು.

ನಮ್ಮ ಚಾರ್ಟಿನಲ್ಲಿ ಅದಕ್ಕೆಂದೇ ಒಂದು ಕಲಮು ಇದೆ: ಕ್ಯಾತಿಟರ್ ಇಂದೂ ಅಗತ್ಯವೇ? ಒಂದು ದಿನ ಹೆಚ್ಚು ಇದ್ದರೂ ಸೋಂಕಿಗೆ ಒಂದು ದಿನ ಹೆಚ್ಚು ಬಾಗಿಲು ತೆರೆದಿಟ್ಟ ಹಾಗೆ. ಆ ಕಲಮಿಗೆ ಅವತ್ತು ಬೆಳಿಗ್ಗೆಯೂ ನಾನು ಅಭ್ಯಾಸಬಲದಿಂದ 'ಹೌದು' ಎಂದು ಗೀಚಿದ್ದೆ. ಓದು ಬಾರದ ಮನುಷ್ಯ ಅದೇ ಪ್ರಶ್ನೆಯನ್ನು ಬಾಯಲ್ಲಿ ಕೇಳಿದ್ದರು. ಬೆಳೆಗೆ ನೀರು ಸಾಕಾದ ಮೇಲೂ ತೂಬು ಎತ್ತಿಟ್ಟರೆ ಬುಡ ಕೊಳೆಯುತ್ತದೆಂದು ಅವರಿಗೆ ಯಾರೂ ಚಾರ್ಟು ಕೊಟ್ಟಿರಲಿಲ್ಲ.

ಒಂಬತ್ತು ಗಂಟೆಗೆ ತೆಗೆದೆ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ತೆಗೆದ ಆರು ಗಂಟೆಯೊಳಗೆ, ಅಂದರೆ ಮಧ್ಯಾಹ್ನ ಮೂರರೊಳಗೆ, ಅತ್ತೆ ತಾವಾಗಿಯೇ ಮೂತ್ರ ಮಾಡಬೇಕು. ಇಲ್ಲದಿದ್ದರೆ ಮತ್ತೆ ನಳಿಕೆ, ಮತ್ತೆ ಅದೇ ಭಯ. ಚೆನ್ನಾಗಿ ನೀರು ಕುಡಿಸಿ ಎಂದೆ. ಮಾವ ಕುಡಿಸಿದರು. ಅರ್ಧ ಲೋಟದ ಮನುಷ್ಯ, ತುಂಬಿದ ಲೋಟ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಗಂಟೆಗೊಂದರಂತೆ! ಅತ್ತೆ ಕುಡಿಯುವುದಕ್ಕಿಂತ ಹೆಚ್ಚಾಗಿ ಲೋಟವನ್ನೇ ನೋಡಿದರು. ಹನ್ನೆರಡಾಯಿತು, ಒಂದಾಯಿತು. ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟು, ಪರದೆ ಎಳೆದು, ಎರಡು ಸಲ ಕೂರಿಸಿದೆ. ಏನೂ ಇಲ್ಲ. ಸುತ್ತ ಜನ, ಪರದೆಯಾಚೆ ಗಂಡ. ಅತ್ತೆ ನಾಚಿಕೆಗೆ ಕಲ್ಲಾಗಿದ್ದರು. ಎರಡೂವರೆಗೆ ಮತ್ತೆ ಕೂರಿಸಿದಾಗ ನನ್ನ ಕೈ ಹಿಡಿದುಕೊಂಡು, "ತಿರ್ಗಾ ಆಕ್ಬುಡ್ತೀರಾ ಅವ್ವ?" ಎಂದರು. ಸದಾ ಮಾವನನ್ನು ಕುಟುಕುವ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಮಾವನೂ ಕೇಳಿಸಿಕೊಂಡಿರಬೇಕು. ಪರದೆಯ ಸಂದಿಯಿಂದ ನೋಡಿದೆ. ಅವರು ಎದ್ದು ಸಿಂಕಿನ ಹತ್ತಿರ ಹೋದರು. ಕೈ ತೊಳೆಯುತ್ತಾರೆ ಅಂದುಕೊಂಡೆ. ಮಾವ ನಲ್ಲಿಯನ್ನು ಪೂರ್ತಿ ತಿರುಗಿಸಿದರು.

ನೀರು ಸಿಂಕಿಗೆ ಬಿದ್ದು ಸದ್ದು ಮಾಡತೊಡಗಿತು. ಅವರು ಕೈ ಒಡ್ಡಲಿಲ್ಲ, ಲೋಟ ಇಡಲಿಲ್ಲ. ನಮ್ಮ ಕಡೆ ಬೆನ್ನು ಮಾಡಿ, ಹರಿಯುವ ನೀರನ್ನು ನೋಡುತ್ತಾ ನಿಂತರು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಐದು ನಿಮಿಷವಾಯಿತು, ಹತ್ತಾಯಿತು. ಆ ಕೈ ನಲ್ಲಿಯ ಕಡೆ ಹೋಗಲೇ ಇಲ್ಲ.

ಅತ್ತೆಯ ಹಿಡಿತ ನನ್ನ ಕೈ ಮೇಲೆ ಮೆಲ್ಲಗೆ ಸಡಿಲವಾಯಿತು, ನಲ್ಲಿಯ ಸದ್ದಿನ ಜೊತೆಗೆ ಕುರ್ಚಿಯ ಕೆಳಗಿನಿಂದಲೂ ಒಂದು ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಪರದೆಯೊಳಗಿನಿಂದ ಅವರ ದನಿ ಹೊರಟಿತು, ಹಳೆಯ ದನಿಯೇ:

"ಸಾಕು ನಿಲ್ಸಿ, ನೀರು ಪೋಲಾಯ್ತದೆ."

ಮಾವ ತಿರುಗಲಿಲ್ಲ. ಹೆಗಲ ಟವೆಲನ್ನು ಮುಖಕ್ಕೆ ಒತ್ತಿಕೊಂಡೇ ಅಂದರು:

"ಇನ್ನೊಂದ್ ವಸಿ ಹರೀಲಿ ಬುಡು."