ಕಾಲಿದ್ದ ಸಭೆ

ಜೋಯಲ್, ಶೈಲಾ, ಕೇಳಿ. ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಭಾವ, ಒಮ್ಮೆ ಹೆಮ್ಮಾಡಿಯಿಂದ ಇಡೀ ಚರ್ಚನ್ನೇ ಎತ್ತಿಕೊಂಡು ಬಂದವರು! ನನ್ನನ್ನು ಮನೆಯಿಂದ ಹೊರಗೆ ತರಲು ಅವರಿಗೆ ಬೇರೆ ದಾರಿ ತೋಚಲಿಲ್ಲ.

ನಮ್ಮ ಸಭೆಯೆಂದರೆ ಯೇಸುವನ್ನು ನಂಬಿದ ಕೆಲವೇ ಮನೆಯವರು, ಹೆಚ್ಚಿನವರು ಮೀನು ಮಾರುವವರು. ನಮಗೆ ಕಟ್ಟಡವಿರಲಿಲ್ಲ. ಭಾವನ ಕಂಕುಳಲ್ಲಿ ಒಂದು ಚಾಪೆಯಿತ್ತು. ಅದನ್ನು ಹಾಸಿದಲ್ಲಿ ಆರಾಧನೆ.

ಬೈಂದೂರು ಬಸ್ಸಿನ ಕಂಡಕ್ಟರು ಒಮ್ಮೆ, “ಹ್ವಾಯ್, ಚಾಪಿಗೂ ಟಿಕೆಟ್ ಮಾಡ್ಕ್” ಅಂದ.

“ಹಾಸಿರೆ ಹತ್ತ್ ಜನ ಕೂಕಂತ್ರ್. ಎಷ್ಟ್ ಟಿಕೆಟ್ ಕೊಡ್ತೆ?” ಅಂದರು ಭಾವ!

ಬ್ರಹ್ಮಾವರದಲ್ಲಿ ಯಾರೋ, “ನಿಮ್ ಚರ್ಚ್ ಎಲ್ಲಿತ್?” ಎಂದು ಕೇಳಿದರಂತೆ.

“ಈಗ ಮೀನ್ ಮಾರುಕೆ ಹೋಯ್ತ್. ಆಯ್ತಾರ ಬನ್ನಿ, ಸಿಕ್ಕತ್ತ್.”

ಇಂಥವರ ಹತ್ತಿರ ಯಾರು ವಾದ ಮಾಡುವುದು?

ಕೊನೆಗೆ ಹೆಮ್ಮಾಡಿಯಲ್ಲಿ ಆರಾಧನೆಗೆ ಒಂದು ಹಾಲ್ ಕಟ್ಟುವುದೆಂದಾಯಿತು. ಭಾವ ಕಲ್ಲು ಹೊತ್ತರು, ಆದರೆ ಮೇಸ್ತ್ರಿಯ ಹತ್ತಿರ ದಿನವೂ ಜಗಳ. “ಬಾಗ್ಲ್ ದೊಡ್ಡದ್ ಇಡ್ ಮಾರಾಯಾ. ಒಳಗ್ ಬಪ್ಪುಕಲ್ಲ, ಹೊರಗ್ ಹೋಪುಕೆ! ಯೇಸು ಕರ್ತರ್ ನಮ್ಮನ್ನ ಕಳ್ಸಿದ್, ಕೂರ್ಸಿದ್ದಲ್ಲ.”

ಬಾಗಿಲು ಕೂರಿಸುವ ಹೊತ್ತಿಗೆ ನಿಮ್ಮಜ್ಜ ತೀರಿಕೊಂಡರು. ಬಿಜೂರಿನ ಮನೆಯಿಂದ ನಾನು ಹೊರಗೆ ಬರುವುದನ್ನೇ ಬಿಟ್ಟೆ. ಜನರೆಂದರೆ ಮೊದಲೇ ನಾಚಿಕೆ, ಈಗ ಹೆದರಿಕೆಯೂ ಸೇರಿತು. ಅವರು ಮಲಗುತ್ತಿದ್ದ ಚಾಪೆಯನ್ನು ಸುತ್ತಿ ಮೂಲೆಯಲ್ಲಿಟ್ಟಿದ್ದೆ. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಹಾಲ್‌ನ ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಬೇಕಾದವರು ಭಾವ. ಅವರೋ ನಮ್ಮ ಅಂಗಳದಲ್ಲಿ ಚಾಪೆ ಹಾಸಿ ಕೂತಿದ್ದರು! ನಾನು ಬಾಗಿಲ ಸಂದಿಯಿಂದ, “ನೀವ್ ಹೋಯ್ನಿ ಭಾವ, ಅಲ್ಲಿ ಎಲ್ಲರೂ ಕಾಯ್ತಾ ಇಪ್ಪುರ್” ಅಂದೆ.

“ನಿಂಗ್ ಬಪ್ಪುಕೆ ಆಗ್ದಿರೆ ಸಭೆ ಬತ್ತ್. ಅದ್ಕ್ ಕಾಲಿತ್.”

ಸ್ವಲ್ಪ ಹೊತ್ತಿಗೆ ಸಭೆಯ ಹಿರಿಯರೊಬ್ಬರು ರಿಕ್ಷಾದಲ್ಲಿ ಬಂದು ಸಿಡುಕಿದರು. “ಎಂತ ಮಾರಾಯ್ರೆ ಇದ್? ಅಲ್ಲಿ ಹಾಲ್ ಕಾಯ್ತಾ ಇತ್ತಲೆ!”

“ಹಾಲಿಗೆ ಕಂಬ ಇತ್. ಸಂಜಿ ತನಕ ಬೀಳುದಿಲ್ಲ,” ಅಂದರು ಭಾವ.

ಹಿರಿಯರು ಬಾಗಿಲ ಸಂದಿಯ ಕಡೆ ನೋಡಿದರು. ಹೋಗಿ ಎಲ್ಲರನ್ನೂ ಕರೆತಂದರು, ಉದ್ಘಾಟನೆಯ ಲಾಡುವಿನ ಸಮೇತ. ಭಾವನ ಚಾಪೆ ತುಂಬಿತು. ಬಾರ್ಕೂರಿನ ಮುದುಕಿಯೊಬ್ಬಳು ಜಾಗವಿಲ್ಲದೆ ಮಣ್ಣಿನ ಮೇಲೇ ಕೂರಲು ಹೊರಟಳು.

ನಾನು ಮೂಲೆಯ ಚಾಪೆಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆ. ಅವಳಿಗೆ ಹಾಸಿ, ಪಕ್ಕದಲ್ಲೇ ಕೂತೆ.

ಭಾವ ಒಂದು ಲಾಡು ತೆಗೆದು ನನ್ನ ಕೈಗಿಟ್ಟರು.

ಈಗ ಭಾವನೂ ಇಲ್ಲ. ಮಕ್ಕಳೇ, ಈ ಹಾಳೆಗಳನ್ನು ನಿಮ್ಮಜ್ಜನ ಚಾಪೆಯೊಳಗೆ ಸುತ್ತಿಟ್ಟಿದ್ದೇನೆ. ಹಾಳೆಗಳನ್ನು ಜೋಪಾನ ಮಾಡಿ. ಚಾಪೆಯನ್ನು ಮಾತ್ರ ಜೋಪಾನ ಮಾಡಬೇಡಿ. ಯಾರಾದರೂ ಬಂದರೆ ಹಾಸಿ.