ದೋಣಿಯ ಬಾಲಕ್ಕೆ ಜೋತುಬಿದ್ದ ಮೋಟಾರು ಮಹಾಶಯರಿಗೆ

ಮಾನ್ಯ ಹೊಸ ಮೋಟಾರು ಮಹಾಶಯರೇ,

ಮಿರಮಿರ ಮಿಂಚುವ ತಮ್ಮ ಕರಿ ಮುಚ್ಚಳಕ್ಕೂ, ನೀರಿನೊಳಗೆ ಸದ್ದಿಲ್ಲದೆ ದುಡಿಯುವ ತಮ್ಮ ಫ್ಯಾನಿಗೂ, ಗುಂಡಿ ಒತ್ತಿದರೆ ಸಾಕು ಮರುಮಾತಿಲ್ಲದೆ ಎದ್ದು ಕೂರುವ ತಮ್ಮ ಸೌಜನ್ಯಕ್ಕೂ ಹಳೆಯ ಮರದ ದೋಣಿಯೊಂದರ ಮಾಲೀಕನಾದ ನನ್ನ ಸವಿನಯ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಂಬುವುದೇನು ಬಂತು, ತಮ್ಮ ಆರೋಗ್ಯದ ಭಾರಕ್ಕೆ ದೋಣಿಯ ಹಿಂಭಾಗ ಕುಸಿದು ಕೂತದ್ದನ್ನು ಇಡೀ ದೋಣಿಕಟ್ಟೆ ಕಣ್ಣಾರೆ ಕಂಡಿದೆ. ಈ ಪತ್ರವನ್ನು ಟಿಕೆಟ್ ಕಿಟಕಿಯ ಪಕ್ಕ ಅಂಟಿಸಲಿರುವುದರಿಂದ, ತಮ್ಮ ಪರಿಚಯವಿಲ್ಲದವರಿಗಾಗಿ ಹಿಂದಿನದನ್ನು ಒಂದಿಷ್ಟು ಹೇಳಲು ಅಪ್ಪಣೆಯಾಗಬೇಕು.

ಈ ದೋಣಿ ನನ್ನ ತಾತ ಕೈಯಾರೆ ಮಾಡಿದ್ದು. ಸರೋವರದ ಈ ದಡದಿಂದ ಆ ದಡಕ್ಕೆ ಜನರನ್ನೂ ಅವರ ಚೀಲಗಳನ್ನೂ ದಾಟಿಸುವುದು ನಮ್ಮ ಕಸುಬು. ತಮ್ಮ ಪೂರ್ವಾಧಿಕಾರಿಗಳಾದ ಹಳೇ ಮೋಟಾರು ಮಹಾಶಯರು, ನಾನು ತೋಳು ಬಿದ್ದುಹೋಗುವಷ್ಟು ಹಗ್ಗ ಎಳೆದರೂ ಎರಡು ಸಲ ಕೆಮ್ಮಿ ಮಲಗಿಬಿಡುತ್ತಿದ್ದರು. ಆಗ ನನ್ನ ಅಪ್ಪನ ಅಕ್ಕ, ಅಂದರೆ ಎದುರು ದಡದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ, ನನಗೆ ದೋಣಿ ನಡೆಸಲು ಕಲಿಸಿದ ಅತ್ತೆ, ಅವರ ನೆತ್ತಿಗೊಂದು ಬಡಿದು ‘ಏಳೋ ಮುದಿಯಾ, ಅಂಗಡಿ ಬಾಗಿಲು ತೆಗೀಬೇಕು’ ಎಂದರೆ ಸಾಕು, ಮೈತುಂಬ ಹೊಗೆ ಎಬ್ಬಿಸಿಕೊಂಡು ಹೊರಟುಬಿಡುತ್ತಿದ್ದರು. ಅಂಥವರು ಒಂದು ದಿನ ನಡುನೀರಿನಲ್ಲಿ ತಮ್ಮ ಫ್ಯಾನನ್ನೇ ಸರೋವರಕ್ಕೆ ಅರ್ಪಿಸಿ ನಿವೃತ್ತರಾದರು. ‘ಬದಲಾಯಿಸೋದಾದ್ರೆ ನನ್ನನ್ನ ಕೇಳಿ ಬದಲಾಯಿಸು’ ಎಂದು ಅತ್ತೆ ಹೇಳಿದ್ದರೂ, ಮೋಟಾರು ದೊಡ್ಡದಿದ್ದಷ್ಟೂ ದೋಣಿಗೆ ಮರ್ಯಾದೆ ಎಂಬ ನನ್ನದೇ ಲೆಕ್ಕಾಚಾರದಲ್ಲಿ, ಯಾರನ್ನೂ ಕೇಳದೆ, ಮೋಟಾರು ಅಂಗಡಿಯಲ್ಲಿದ್ದವರ ಪೈಕಿ ಅತಿ ದಢೂತಿಗಳಾದ ತಮ್ಮನ್ನು ಕರೆತಂದೆ. ಅತ್ತೆ ತಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ನನ್ನನ್ನ ಕೇಳದೆ ಕಟ್ಟಿದ ಮೋಟಾರಿನ ದೋಣಿಗೆ ನಾನು ಕಾಲಿಡಲ್ಲ’ ಎಂದವರೇ ಸರೋವರ ಸುತ್ತಿ ಹೋಗುವ ಬಸ್ಸು ಹತ್ತಿದರು.

ತಮ್ಮ ಮೊದಲ ಯಾನದ ವೈಭವವನ್ನು ಹೇಗೆ ಬಣ್ಣಿಸಲಿ! ನೀರನ್ನಷ್ಟೇ ಕಂಡಿದ್ದ ದೋಣಿಗೆ ಆಕಾಶ ತೋರಿಸಿದ ಕೀರ್ತಿ ತಮ್ಮದೇ. ಮೂತಿ ಮೋಡದ ಕಡೆ ಎದ್ದಿತು, ಬಾಲ ನೀರಿನ ಕಡೆ ಇಳಿಯಿತು, ಗಣಿತದ ಮೇಷ್ಟ್ರು ಜಾರಿ ಬಂದು ಪೋಸ್ಟ್‌ಮ್ಯಾನ್ ತೊಡೆಯ ಮೇಲೆ ಕೂತರು, ಅವರಿಬ್ಬರ ಮೇಲೆ ಯಾರದೋ ಈರುಳ್ಳಿ ಚೀಲ ಕೂತಿತು. ನನಗಂತೂ ಎದುರಿಗೆ ಹಲಗೆಯ ಹೊರತು ಏನೂ ಕಾಣದೆ, ಆ ದಡ ಬಂದದ್ದು ಅದಕ್ಕೆ ಗುದ್ದಿದ ಮೇಲೆಯೇ ತಿಳಿಯಿತು. ಮರುದಿನ ಮೂತಿಯಲ್ಲಿ ಮರಳಿನ ಚೀಲ ಪೇರಿಸಿದೆ. ನೇರ ಹೋಗುವಾಗ ತೆಪ್ಪಗಿದ್ದ ಆ ಚೀಲಗಳು ತಿರುವಿನಲ್ಲಿ ಒಂದೇ ಪಕ್ಕಕ್ಕೆ ವಾಲಿ, ಮೇಷ್ಟ್ರಿಗೆ ಸ್ನಾನ ಮಾಡಿಸಿದವು.

ಕೊನೆಗೆ ಬಸ್ ನಿಲ್ದಾಣಕ್ಕೆ ಹೋಗಿ, ಸಾಲಿನಲ್ಲಿ ನಿಂತವರೆಲ್ಲರ ಎದುರು, ಮೂತಿಯಲ್ಲಿ ಬಂದು ಕೂತು ದೋಣಿಯನ್ನು ಸರಿದೂಗಿಸಿ ಎಂದು ಅತ್ತೆಯ ಮುಂದೆ ಕೈಮುಗಿದು ನಿಂತೆ. ‘ಓಹೋ, ನನ್ನ ಮಾತು ಬೇಡ, ನನ್ನ ತೂಕ ಮಾತ್ರ ಬೇಕು’ ಎಂದರು. ಸಾಲಿನಿಂದ ಹೊರಬಂದು, ‘ಭಾರ ಬೇಕು ಅಂತ ಬರ್ತೀನಿ. ಬೇಡ ಅಂದ ದಿನ ಮತ್ತೆ ಬಸ್ಸು’ ಎಂದು ಷರತ್ತು ಹಾಕಿ, ಬಂದು ಮೂತಿಯಲ್ಲಿ ನನಗೆ ಬೆನ್ನು ಮಾಡಿ ಕೂತರು. ದೋಣಿ ಮೆಲ್ಲಗೆ ಇಳಿದು ನೀರಿಗೆ ಸಮನಾಗಿ ಮಲಗಿತು. ತಿರುವು ಬರುವ ಮೊದಲೇ ಅತ್ತೆ ಎಡಕ್ಕೋ ಬಲಕ್ಕೋ ವಾಲುತ್ತಾರೆ. ಮರಳಿನ ಚೀಲಕ್ಕೆ ಈ ಬುದ್ಧಿ ಎಲ್ಲಿಂದ ಬರಬೇಕು? ಮೊದಮೊದಲು ಅವರು ಬಾಯಿ ಬಿಡಲೇ ಇಲ್ಲ. ಒಂದು ಬೆಳಿಗ್ಗೆ, ತಿರುಗಿಯೂ ನೋಡದೆ, ‘ಎಡಕ್ಕೆ ತಗೊಳೋ ಕತ್ತೆ’ ಎಂದರು. ಕತ್ತೆ ಎನಿಸಿಕೊಂಡು ಅಷ್ಟು ಸಂತೋಷಪಟ್ಟವನು ಈ ಸರೋವರದ ಸುತ್ತ ಇನ್ನೊಬ್ಬನಿರಲಾರ. ಈಗ ಯಾರು ಎಲ್ಲಿ ಕೂರಬೇಕೆಂಬುದು ಅವರದೇ ಆಜ್ಞೆ, ದಾರಿಯುದ್ದಕ್ಕೂ ಪ್ರಯಾಣಿಕರ ಕಿತ್ತ ಗುಂಡಿಗಳಿಗೆ ಅವರದೇ ಸೂಜಿ.

ಇಷ್ಟರಲ್ಲಿ ಸಿಡಿಲಿನಂಥ ಸುದ್ದಿ ಬಂದಿದೆ. ಮರಳು ಚೀಲದ ದಿನಗಳಲ್ಲಿ ನಾನು ತಮ್ಮ ಕಂಪನಿಗೆ ಫೋನಿನಲ್ಲಿ ಕೊಟ್ಟ ದೂರು ಅಂಗೀಕಾರವಾಗಿ, ಸೋಮವಾರ ಅವರ ಮೆಕ್ಯಾನಿಕ್ ಬಂದು ತಮ್ಮನ್ನು ಬಿಚ್ಚಿ ಹಗುರವಾದ ಮೋಟಾರನ್ನು ಕೂರಿಸುತ್ತಾರಂತೆ, ಅದೂ ಪುಕ್ಕಟೆಯಾಗಿ! ಆಮೇಲೆ ಮೂತಿಗೆ ಭಾರ ಬೇಕಿಲ್ಲ, ಅತ್ತೆಗೆ ಮತ್ತೆ ಬಸ್ಸೇ. ಬೇಡವೆಂದರೆ ಕಾರಣ ಹೇಳಿ ಎನ್ನುತ್ತಾರೆ. ‘ಅತ್ತೆ ಬೇಕು’ ಎಂಬ ಕಾರಣಕ್ಕೆ ಅವರ ಕಂಪ್ಯೂಟರಿನಲ್ಲಿ ಜಾಗವಿಲ್ಲವಂತೆ. ಅತ್ತೆಗೆ ‘ಸುಮ್ಮನೆ ಬಂದು ಕೂತ್ಕೊಳ್ಳಿ’ ಎನ್ನೋಣವೆಂದರೆ, ಕೆಲಸವಿಲ್ಲದೆ ಕೂತು ಅವರಿಗೆ ಗೊತ್ತೇ ಇಲ್ಲ. ಅವರಿಲ್ಲದ ದೋಣಿ ಎಷ್ಟು ಬಿಕೋ ಎನ್ನುತ್ತದೆಂದು ನಾನು ಒಮ್ಮೆ ನೋಡಿದ್ದೇನೆ, ಇನ್ನೊಮ್ಮೆ ನೋಡಲಾರೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಸೋಮವಾರದೊಳಗೆ ತಾವು ಇನ್ನಷ್ಟು ದಪ್ಪಗಾಗಬೇಕು. ಮೆಕ್ಯಾನಿಕ್ ಸ್ಪ್ಯಾನರ್ ಹಾಕಿದೊಡನೆ ಬೋಲ್ಟುಗಳನ್ನು ಹಲ್ಲು ಕಚ್ಚಿ ಹಿಡಿದುಕೊಳ್ಳಬೇಕು. ಆತ ಎತ್ತಲು ಬಂದರೆ ಹಲಗೆಯನ್ನು ತಬ್ಬಿಕೊಂಡು ಅಳಬೇಕು. ಮತ್ತು ಅತ್ತೆಯನ್ನು ತಮ್ಮ ಬಿಡಿಭಾಗವೆಂದು ಘೋಷಿಸಿ ಜೀವನಪರ್ಯಂತ ವಾರಂಟಿ ದಯಪಾಲಿಸಬೇಕು. ತಮ್ಮ ಮೇಲೆ ದೂರು ಕೊಟ್ಟ ಬಾಯಲ್ಲೇ ತಮ್ಮ ಸ್ಥೂಲಕಾಯಕ್ಕೆ ಜೈಕಾರ ಹಾಕುತ್ತಿದ್ದೇನೆ.

ತಮ್ಮ ತೂಕವೇ ಗತಿಯೆಂದು ನಂಬಿರುವ,
ತಮ್ಮ ವಿಶ್ವಾಸಿ,
ಹಳೇ ದೋಣಿಯವನು

ತಾ.ಕ.: ಇದನ್ನು ಅಂಟಿಸಲು ಹೋದಾಗ ಅತ್ತೆ ಕೈಯಿಂದ ಕಸಿದುಕೊಂಡು ಪೂರ್ತಿ ಓದಿದರು. ‘ಪೆಟ್ರೋಲ್ ಟ್ಯಾಂಕು, ಬ್ಯಾಟರಿ ಎರಡನ್ನೂ ಮೋಟಾರಿನ ಪಕ್ಕದಿಂದ ಎತ್ತಿ ಮೂತಿ ಕಡೆ ಇಟ್ಟಿದ್ರೆ ದೋಣಿ ಆವತ್ತೇ ಸರಿ ಹೋಗ್ತಿತ್ತು. ಹತ್ತಿದ ಕೂಡಲೇ ನೋಡಿದೆ’ ಎಂದರು. ಹಾಗಾಗಿ ನಾನು ಇಷ್ಟುದ್ದ ಹೊಗಳಿದ ತಮ್ಮ ಮಹಾಭಾರದಲ್ಲಿ ಒಳ್ಳೆಯ ಪಾಲು ಒಂದು ಟ್ಯಾಂಕಿನದು, ಒಂದು ಬ್ಯಾಟರಿಯದು ಎಂದು ತಿಳಿಸಲು ವಿಷಾದವಾಗುತ್ತದೆ. ಗೊತ್ತಿದ್ದೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ‘ನೀನು ಕೇಳಿದ್ಯಾ?’ ಎಂದವರೇ ಕೂರುವ ದಿಂಬನ್ನು ಎತ್ತಿಕೊಂಡು ಹೋಗಿ ಮೂತಿಯಲ್ಲಿ ಕೂತರು, ಈ ಸಲ ಮುಖ ನನ್ನ ಕಡೆ. ಮೆಕ್ಯಾನಿಕ್‌ಗೆ ಬರಬೇಡವೆಂದು ಅವರೇ ಫೋನ್ ಮಾಡುತ್ತಾರಂತೆ. ಟ್ಯಾಂಕೂ ಬ್ಯಾಟರಿಯೂ ಇದ್ದಲ್ಲೇ ಇವೆ.