ಜೋಳದ ಹೊಲದಲ್ಲಿ ಸಿಕ್ಕ ಏಕಾದಶಿ

ಹೊಸ ಕಂಪ್ಯೂಟರ್ ಬಂದ ಮನೆಗೆ ಹಳೇ ತಕರಾರೊಂದು ಹಿಂದೆಯೇ ನಡಕೊಂಡು ಬರುತ್ತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಊರೂರು ತಿರುಗಿ ಕಂಪ್ಯೂಟರ್ ರಿಪೇರಿ ಮಾಡೋ ನನ್ನಂಥವನಿಗೆ ಅದರಿಂದಲೇ ಊಟ.

೧. ಬೀಗರ ಸಾಲು

ಆದೋನಿಯಲ್ಲಿ ಪಂಚಾಂಗ ಬರೆಯೋ ಆಚಾರ್ಯರೊಬ್ಬರಿದ್ದಾರೆ. ತಿಥಿ ಲೆಕ್ಕಕ್ಕೆ ಅವರ ತೀರಿಹೋದ ಅಣ್ಣ ಲಿನಕ್ಸ್ ಅನ್ನೋ ಪುಕ್ಕಟೆ ಸಿಸ್ಟಮ್ಮಿನಲ್ಲಿ ಓಡೋ ಪ್ರೋಗ್ರಾಮ್ ಬರೆದಿಟ್ಟಿದ್ದರು. ಹಳೇ ಕಂಪ್ಯೂಟರ್ ಕೆಟ್ಟಿತು, ಹೊಸದರಲ್ಲಿ ಅದು ಕೂಡಲೊಲ್ಲದು. ಶುಕ್ರವಾರ ಪಂಚಾಂಗ ಪ್ರೆಸ್ಸಿಗೆ ಹೋಗಬೇಕು, ಇಲ್ಲದಿದ್ದರೆ ಈ ವರ್ಷ ಪಂಚಾಂಗವೇ ಇಲ್ಲ. ಕರ್ನೂಲಿನ ಎಂಜಿನಿಯರ್ ಅಳಿಯ ಫೋನಿನಲ್ಲಿ, "ಅದನ್ನ ಎಸೀರಿ ಮಾವ, ಹೊಸದು ಬರೀಲಿಕ್ಕೆ ಮೂರು ತಿಂಗಳು ಸಾಕು" ಅಂದಿದ್ದನಂತೆ.

ನಾನು ಕೂತೆ. ಪ್ರೋಗ್ರಾಮ್ ತನ್ನ ಜೊತೆಗೆ ಒಂದು ಪ್ಯಾಕೇಜ್, ಅಂದರೆ ಆಸರೆಗೆ ಇನ್ನೊಂದು ಸಾಫ್ಟ್‌ವೇರ್, ಕೇಳ್ತು. ತಂದುಕೊಟ್ಟರೆ ಅದು ಇನ್ನೊಂದನ್ನ ಕೇಳ್ತು, ಅದು ಮತ್ತೊಂದನ್ನ.

"ಏನಪಾ ಇದು?" ಅಂದರು ಆಚಾರ್ಯರು.

"ಮದುವಿಗೆ ಕರದರ ಕೆಲವರು 'ನಮ್ಮ ಬೀಗರು ಬಂದರ ಬರತೀವಿ' ಅಂತಾರಲ್ಲರಿ, ಹಂಗ. ಕಡೀಗೆ ಒಬ್ಬ ಅಜ್ಜ ಬೇಕಾಗ್ಯಾನ. ಅಜ್ಜ ಇಲ್ಲ, ಅವನ ಹೆಸರಿಟ್ಟ ಮೊಮ್ಮಗ ಅದಾನ."

ಅಡುಗೆಮನೆಯಿಂದ ಆಚಾರ್ಯರ ಹೆಂಡತಿ, ಅಮ್ಮಾವ್ರು, ಅಂದರು: "ಮೊಮ್ಮಗನ್ನ ಕೂಡಸು. ನಮ್ಮ ಮದುವಿಯೊಳಗೂ ಹಂಗೇ ಮಾಡಿದ್ರು, ಯಾರಿಗೂ ತಿಳೀಲಿಲ್ಲ."

೨. ಮೊಮ್ಮಗನ ಪ್ರತಾಪ

ಅಜ್ಜ ಅಂದರೆ ಲೆಕ್ಕಕ್ಕೆ ಬೇಕಾದ ಒಂದು ಹಳೇ ಫೈಲು, ನಮ್ಮ ಕಸುಬಿನಲ್ಲಿ ಲೈಬ್ರರಿ ಅಂತೀವಿ; ಹೊಸ ಲೈಬ್ರರಿಗೇ ಹಳೇದರ ಹೆಸರು ಹಚ್ಚಿ ಕೂಡಿಸಿದೆ. ಪ್ರೋಗ್ರಾಮ್ ಓಡಿತು. ಆಚಾರ್ಯರು ಕನ್ನಡಕ ಏರಿಸಿ ನೋಡಿದರು. ಒಂದೇ ವಾರದಲ್ಲಿ ಮೂರು ಏಕಾದಶಿ.

"ಇದನ್ನ ಅಚ್ಚು ಹಾಕಿಸಿದರ ಜನ ನನ್ನ ಊರು ಬಿಡಸ್ತಾರ."

"ಒಂದು ಉಪವಾಸದಾಗೇ ನಿಮ್ಮ ಸಿಟ್ಟು ತಡಕೊಳ್ಳಲಿಕ್ಕೆ ಆಗೂದಿಲ್ಲ" ಅಂದರು ಅಮ್ಮಾವ್ರು. "ಮೂರಾದರ ನಾ ತವರಿಗೆ ಹೋಗ್ತೀನಿ."

೩. ಗಿಣಿ ಕಾಯೋ ಸೀಡಿ

ನೆಟ್‌ನಲ್ಲಿ ಎಲ್ಲಿ ಹುಡುಕಿದರೂ ಅಷ್ಟು ಹಳೇ ಲೈಬ್ರರಿಯನ್ನ ತೆಗೆದುಹಾಕಿದ್ದರು. ಹಳೇ ಕಂಪ್ಯೂಟರಿಗೆ ಅಣ್ಣನವರು ಲಿನಕ್ಸ್ ಹಾಕಿದ ಸೀಡಿಯಲ್ಲಿ ಅದು ಇರಲೇಬೇಕು, ಆ ಸೀಡಿ ಎಲ್ಲಿ ಅಂತ ಕೇಳಿದೆ. ಆಚಾರ್ಯರು ತಲೆ ಕೆರಕೊಂಡರು.

"ಸಿ. ಬೆಳಗಲ್‌ನಾಗ ನಮ್ಮ ಹೊಲ ಮಾಡೋ ಆಕಿಗೆ ಹೋದ ವಾರ ಕೊಟ್ಟೆ. ಹಕ್ಕಿ ಬೆದರಸಲಿಕ್ಕೆ."

ಗುರುವಾರ ಬಸ್ ಹತ್ತಿದೆ. ಜೋಳದ ನಡುವೆ, ಕೋಲಿನ ತುದಿಗೆ ದಾರದಲ್ಲಿ ತಿರುಗುತ್ತ ಮಿಂಚುತ್ತಿತ್ತು ನಮ್ಮ ಅಜ್ಜ.

"ಬಿಚ್ಚಬ್ಯಾಡ ತಮ್ಮಾ" ಅಂದಳು ಹೊಲದಾಕೆ. "ಅದು ಬಂದಾಗಿಂದ ಒಂದೂ ಗಿಣಿ ಇಳಿದಿಲ್ಲ."

ಚೀಲದಿಂದ ಹೊಸ ಲಿನಕ್ಸ್ ಡಿಸ್ಕ್ ತೆಗೆದುಕೊಟ್ಟೆ. ಆಕೆ ತಿರುವಿ ಮುರುವಿ ನೋಡಿ, "ಇದು ನಡೀತೈತಾ?" ಅಂದಳು.

"ಹೊಸಾದು ಅಕ್ಕಾ, ಹಳೇದಕ್ಕಿಂತ ಜೋರು."

ಅಂದಮೇಲೆ ಗೊತ್ತಾಯ್ತು, ನಾನೂ ಅಳಿಯನ ಹಂಗೇ ಮಾತಾಡಿದ್ದೆ.

೪. ಶುಕ್ರವಾರ

ಸೀಡಿಯ ಧೂಳನ್ನ ಆಚಾರ್ಯರು ತಮ್ಮ ಶಲ್ಯದಿಂದಲೇ ಒರೆಸಿದರು. ಡ್ರೈವ್ ನರಳಿತು, ನಿಂತಿತು, ಮತ್ತೆ ತಿರುಗಿತು. ಹಳೇ ಲೈಬ್ರರಿಯನ್ನ ಹೊಸದರ ಪಕ್ಕಕ್ಕೆ ಬೇರೆ ಫೋಲ್ಡರಿನಲ್ಲಿ ಕೂಡಿಸಿದೆ. ಏಕಾದಶಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಆಚಾರ್ಯರು ಬೆರಳೆಣಿಸಿ ತಾಳೆ ನೋಡಿ, "ಅಣ್ಣನ ಲೆಕ್ಕನೇ" ಅಂದರು. ಮಧ್ಯಾಹ್ನದೊಳಗೆ ಪಂಚಾಂಗ ಪ್ರೆಸ್ಸಿಗೆ ಹೋಯ್ತು. ಅಮ್ಮಾವ್ರು ನನಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು.

ಊಟದ ಹೊತ್ತಿಗೇ ಅಳಿಯನ ಫೋನು. ರಿಪೇರಿಯವ ಅಣ್ಣನ ಪ್ರೋಗ್ರಾಮನ್ನೇ ಓಡಿಸಿದ ಅಂತ ಆಚಾರ್ಯರು ಹೇಳಿದ್ದೇ ತಡ, ಅವನ ದನಿ ನನ್ನ ಎಲೆಯವರೆಗೂ ಕೇಳಿಸ್ತು. "ಯಾವ ಕಾಲೇಜಿನವನು ಮಾವ, ಆತ?"

ಆಚಾರ್ಯರು ಬಾಯಿ ತೆರೆಯೋದಕ್ಕೂ ಹೊಲದಾಕೆ ಬಾಗಿಲಿಗೆ ಬರೋದಕ್ಕೂ ಸರಿಹೋಯ್ತು. ಕೈಯಲ್ಲಿ ನಾನು ಕೊಟ್ಟ ಡಿಸ್ಕ್.

"ಸಾಮೀ, ಇದು ಬ್ಯಾಡ. ಇದಕ್ಕ ಗಿಣಿ ಅಂಜವಲ್ಲವು, ಅದರ ಪಕ್ಕದಾಗ ಕುಂತು ತಿಂತಾವು. ನನ್ನ ಹಳೇದ ಕೊಡ್ರಿ."

ಪೆನ್‌ಡ್ರೈವಿಗೆ ನಕಲು ಮಾಡಿಕೊಂಡಿದ್ದೆ, ಸೀಡಿ ವಾಪಸ್ ಕೊಟ್ಟೆ. ಆಚಾರ್ಯರು ಫೋನು ಕಿವಿಗೆ ಹಚ್ಚಿ ಮೆಲ್ಲಗೆ ಅಂದರು:

"ಅಳಿಯಂದಿರೇ, ಕೇಳಿಸ್ತೇನು? ಹೊಸ ವರ್ಷನ್ ಗಿಣಿಗಳಿಗೂ ಹೊಂದಲಿಲ್ಲಂತ."